ಹಿತ್ತಲ ಗಿಡಕ್ಕೆ ಮದ್ದು

ಗೃಹಿಣಿ: ಸ್ವಾಮಿ, ತಾವು ತೋಟಗಾರಿಕೆಯ ಇಲಾಖೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು, ಮೈಸೂರಿನ ಈ ಬಡಾವಣೆಯಲ್ಲಿ ಯಾರ ಮನೆಯ ಗಿಡ ಬಾಡಿದರೂ ತಮ್ಮ ಹೆಸರೇ ಮೊದಲು ನೆನಪಿಗೆ ಬರುವುದು. ನಮ್ಮ ಹಿತ್ತಲಿನ ನಿಂಬೆಯ ಎಲೆ ಹಳದಿಗೆ ತಿರುಗುತ್ತಿದೆ, ದಾಸವಾಳದ ತುದಿಗಳಲ್ಲಿ ಬಿಳಿಯ ಹಿಟ್ಟು ಮೆತ್ತಿಕೊಂಡಿದೆ, ಮೆಣಸಿನ ಗಿಡ ಮುರುಟಿಕೊಂಡಿದೆ, ಗುಲಾಬಿಯ ರೆಂಬೆಗಳು ತುದಿಯಿಂದ ಕೆಳಕ್ಕೆ ಒಣಗುತ್ತ ಬರುತ್ತಿವೆ. ಇವಕ್ಕೆಲ್ಲ ಸಲ್ಲುವ ಒಂದು ಮದ್ದನ್ನು ತಾವು ಬರೆದುಕೊಟ್ಟರೆ ದೊಡ್ಡ ಉಪಕಾರವಾದೀತು.

ಹಿರಿಯರು: ತಾಯಿ, ಬರೆದುಕೊಡುವುದಕ್ಕೇನೂ ಅಡ್ಡಿಯಿಲ್ಲ; ಆದರೆ ತಾವು ಹೇಳಿದ ನಾಲ್ಕೂ ಲಕ್ಷಣಗಳೇ ಹೊರತು ರೋಗಗಳಲ್ಲ. ಮನುಷ್ಯನಲ್ಲಿ ಜ್ವರವು ಹೇಗೆ ಅನೇಕ ವ್ಯಾಧಿಗಳಿಗೆ ಸಾಧಾರಣವಾದ ಚಿಹ್ನೆಯೋ ಹಾಗೆಯೇ ಸಸ್ಯದಲ್ಲಿ ಎಲೆ ಹಳದಿಯಾಗುವುದು. ಆಹಾರದ ಕೊರತೆಯಿಂದಲೂ ಅದು ಆಗುತ್ತದೆ, ನೀರಿನ ಅತಿರೇಕದಿಂದಲೂ ಆಗುತ್ತದೆ, ಬೇರಿನ ಕೊಳೆತದಿಂದಲೂ ರಸಹೀರುವ ಕೀಟದಿಂದಲೂ ಆಗುತ್ತದೆ, ಕೇವಲ ವಯಸ್ಸಾಗಿ ಉದುರುವ ಎಲೆಯಲ್ಲಿಯೂ ಆಗುತ್ತದೆ. ಆದ್ದರಿಂದ ನಾನು ಮೊದಲು ಕೇಳಬೇಕಾದುದು ಒಂದೇ ಪ್ರಶ್ನೆ: ಹಳದಿಯಾಗಿರುವುದು ಗಿಡದ ಕೆಳಗಣ ಹಳೆಯ ಎಲೆಗಳೋ, ಮೇಲಣ ಹೊಸ ಚಿಗುರೋ?

ಗೃಹಿಣಿ: ಹೊಸ ಚಿಗುರೇ. ಹಳೆಯ ಎಲೆಗಳು ಇನ್ನೂ ಹಸುರಾಗಿವೆ. ಆದರೆ ಇಷ್ಟು ಸಣ್ಣ ಭೇದದಿಂದ ಏನು ತಿಳಿದೀತು?

ಹಿರಿಯರು: ಬಹಳಷ್ಟು ತಿಳಿಯುತ್ತದೆ. ಸಾರಜನಕ, ಮೆಗ್ನೀಸಿಯಂ ಮೊದಲಾದ ಕೆಲವು ಪೋಷಕಗಳು ಗಿಡದ ಮೈಯೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಂಚರಿಸಬಲ್ಲವು. ಅವುಗಳ ಅಭಾವವುಂಟಾದಾಗ ಗಿಡವು ಹಳೆಯ ಎಲೆಗಳಲ್ಲಿದ್ದ ಸಂಗ್ರಹವನ್ನು ಹಿಂದಕ್ಕೆ ತೆಗೆದುಕೊಂಡು ಚಿಗುರಿಗೆ ಒದಗಿಸುವುದರಿಂದ, ಹಳದಿಯ ಬಣ್ಣ ಮೊದಲು ಕೆಳಗಣ ಎಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಬ್ಬಿಣವಾದರೋ ಒಮ್ಮೆ ಒಂದು ಎಲೆಯಲ್ಲಿ ನೆಲೆಗೊಂಡಿತೆಂದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಅದರ ಅಭಾವವನ್ನು ಮೊದಲು ಅನುಭವಿಸುವುದು ಎಳೆಯ ಎಲೆ. ತಮ್ಮ ನಿಂಬೆಯ ಚಿಗುರೆಲೆಯಲ್ಲಿ ನರಗಳು ಹಸುರಾಗಿಯೇ ಉಳಿದು, ನರಗಳ ನಡುವಣ ಭಾಗ ಮಾತ್ರ ಹಳದಿಯಾಗಿದೆಯೆ?

ಗೃಹಿಣಿ: ಹೌದು, ಹಸುರು ಗೆರೆಗಳ ಬಲೆಯೊಂದನ್ನು ಹಳದಿಯ ಮೇಲೆ ಬರೆದ ಹಾಗಿದೆ. ಆದರೆ ನಮ್ಮದು ಕೆಂಪು ಮಣ್ಣು. ಆ ಕೆಂಪು ಬರುವುದೇ ಕಬ್ಬಿಣದಿಂದ ಎಂದು ಶಾಲೆಯಲ್ಲಿ ಓದಿದ್ದೇನೆ. ಕಬ್ಬಿಣದ ನೆಲದಲ್ಲಿ ನಿಂತ ಗಿಡಕ್ಕೆ ಕಬ್ಬಿಣದ ಬರ ಬಂದೀತು ಹೇಗೆ?

ಹಿರಿಯರು: ಒಳ್ಳೆಯ ಪ್ರಶ್ನೆ ಕೇಳಿದಿರಿ. ಮಣ್ಣಿನಲ್ಲಿ ಒಂದು ವಸ್ತು ಇರುವುದು ಬೇರೆ, ಅದು ಬೇರಿಗೆ ದಕ್ಕುವುದು ಬೇರೆ. ಗಿಡ ನಿಂತಿರುವುದು ಕಾಂಪೌಂಡಿನ ಗೋಡೆಯ ಬುಡದಲ್ಲಲ್ಲವೆ? ಮನೆ ಕಟ್ಟುವಾಗ ಉಳಿದ ಗಾರೆ, ಸಿಮೆಂಟು, ಸುಣ್ಣದ ಚೂರುಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಹೂತುಬಿಡುವುದು ರೂಢಿ. ಸುಣ್ಣದಿಂದ ಮಣ್ಣು ಕ್ಷಾರವಾದಾಗ ಅದರಲ್ಲಿರುವ ಕಬ್ಬಿಣ ಕರಗದ ರೂಪವನ್ನು ತಾಳುತ್ತದೆ; ಅದರ ಮೇಲೆ ಪಾತಿಯಲ್ಲಿ ಸದಾ ನೀರು ನಿಂತರೆ ಗಾಳಿಯಿಲ್ಲದೆ ಬೇರು ದುರ್ಬಲವಾಗಿ, ದಕ್ಕಬಹುದಾದ ಅಲ್ಪಸ್ವಲ್ಪವೂ ದಕ್ಕದೆ ಹೋಗುತ್ತದೆ. ಇದನ್ನರಿಯದೆ ಅಂಗಡಿಯಿಂದ ಸಾರಜನಕದ ಗೊಬ್ಬರವನ್ನು ತಂದು ಸುರಿದರೆ ಹಣವೂ ವ್ಯರ್ಥ, ಗಿಡಕ್ಕೂ ಹಿತವಿಲ್ಲ. ತಾವು ಮಾಡಬೇಕಾದುದಿಷ್ಟು: ಗಾರೆಯ ಚೂರುಗಳನ್ನು ಕೈಲಾದಷ್ಟು ಆರಿಸಿ ತೆಗೆಯಿರಿ, ಬುಡಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಬೆರಳನ್ನು ಎರಡು ಗೆಣ್ಣು ಆಳಕ್ಕೆ ಊರಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರೆರೆಯಿರಿ, ಸದ್ಯದ ಉಪಶಮನಕ್ಕಾಗಿ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ಸಿಟ್ರಿಕ್ ಆಮ್ಲವನ್ನೂ ಕರಗಿಸಿ ಸಂಜೆಯ ತಂಪಿನಲ್ಲಿ ಎಲೆಗಳ ಮೇಲೆ ಸಿಂಪಡಿಸಿ.

ಗೃಹಿಣಿ: ನೀರಿನ ವಿಷಯದಲ್ಲಿ ನನ್ನದೊಂದು ಸಂದೇಹವಿದೆ. ಕುಂಡದ ಗಿಡ ತಲೆಬಾಗಿಸಿ ನಿಂತುದನ್ನು ಕಂಡ ಕೂಡಲೆ ಬಾಯಾರಿದೆಯೆಂದು ತಿಳಿದು ನಾವು ನೀರೆರೆಯುತ್ತೇವೆ. ಅದು ತಪ್ಪೆ?

ಹಿರಿಯರು: ಮಣ್ಣು ಒಣಗಿದ್ದರೆ ತಪ್ಪಲ್ಲ, ಒದ್ದೆಯಾಗಿದ್ದರೆ ಮಾರಕ. ಬೇರಿಗೂ ಉಸಿರಾಟವುಂಟು, ಮಣ್ಣಿನ ಕಣಗಳ ಸಂದಿನಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಆ ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಬೇರು ಸಾಯತೊಡಗುತ್ತದೆ, ಸತ್ತ ಬೇರು ನೀರನ್ನು ಹೀರಲಾರದು, ಹೀರಲಾರದ್ದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ನಾವು ಮತ್ತಷ್ಟು ನೀರೆರೆಯುತ್ತೇವೆ. ಮನೆಯಂಗಳದ ಕುಂಡಗಳಲ್ಲಿ ನಾನು ಕಂಡ ಸಾವುಗಳಲ್ಲಿ ಬಾಯಾರಿಕೆಯಿಂದ ಆದುವಕ್ಕಿಂತ ಅತಿಯಾದ ಅಕ್ಕರೆಯಿಂದ ಆದುವೇ ಹೆಚ್ಚು. ಕುಂಡದ ತಳದ ರಂಧ್ರ ಮುಚ್ಚಿಕೊಂಡಿದೆಯೇ ಎಂಬುದನ್ನು ನೋಡುವುದು ಯಾವ ಮದ್ದಿಗಿಂತಲೂ ಮೊದಲನೆಯ ಕೆಲಸ.

ಗೃಹಿಣಿ: ದಾಸವಾಳದ ಬಿಳಿಯ ಹಿಟ್ಟಿನ ವಿಷಯದಲ್ಲಾದರೂ ಅನುಮಾನಕ್ಕೆ ಎಡೆಯಿಲ್ಲವಷ್ಟೆ? ಅದು ಹಿಟ್ಟು ತಿಗಣೆಯೆಂದು ಅಂಗಡಿಯವರೇ ಹೇಳಿದರು. ಒಂದು ವಿಷದ ಸೀಸೆಯನ್ನೂ ಕೊಟ್ಟಿದ್ದಾರೆ.

ಹಿರಿಯರು: ಸೀಸೆಯನ್ನು ತೆರೆಯುವುದಕ್ಕೆ ಮುಂಚೆ ಎರಡು ಸಂಗತಿಗಳನ್ನು ನೋಡಿ. ಮೊದಲನೆಯದು, ರೆಂಬೆಯ ಮೇಲೆ ಇರುವೆಗಳ ಸಾಲು ಉಂಟೇ ಎಂಬುದು. ಹಿಟ್ಟು ತಿಗಣೆ ಗಿಡದ ರಸವನ್ನು ಹೀರಿ ಸಿಹಿಯಾದ ದ್ರವವನ್ನು ವಿಸರ್ಜಿಸುತ್ತದೆ. ಆ ಸಿಹಿಯ ಆಸೆಗೆ ಇರುವೆಗಳು ಬಂದು ತಿಗಣೆಯನ್ನು ಅದರ ಶತ್ರುಗಳಿಂದ ಕಾಯುತ್ತವೆ. ಎಲೆಯ ಮೇಲೆ ಬಿದ್ದ ಅದೇ ಸಿಹಿಯಲ್ಲಿ ಕಪ್ಪು ಬೂಷ್ಟು ಬೆಳೆದು ಬಿಸಿಲನ್ನು ಮರೆಮಾಡುತ್ತದೆ. ಆದುದರಿಂದ ಇರುವೆಯನ್ನು ತಡೆಯದೆ ತಿಗಣೆಯನ್ನು ಗೆಲ್ಲುವುದು ಕಷ್ಟ. ಎರಡನೆಯದು, ಆ ಬಿಳಿಯ ಗುಂಪಿನಲ್ಲಿ ತಿಗಣೆಗಿಂತ ಗಾತ್ರದಲ್ಲಿ ದೊಡ್ಡದಾದ, ಮೈತುಂಬ ಉದ್ದನೆಯ ಬಿಳಿಯ ಮೇಣದ ಎಳೆಗಳುಳ್ಳ, ಮುಟ್ಟಿದರೆ ಚುರುಕಾಗಿ ಓಡುವ ಹುಳುಗಳಿವೆಯೇ ಎಂಬುದು.

ಗೃಹಿಣಿ: ಇವೆ. ಅವು ತಾಯಿ ತಿಗಣೆಗಳಿರಬೇಕೆಂದು ನಾವು ಹುಡುಕಿ ಹುಡುಕಿ ಹೊಸಕುತ್ತಿದ್ದೇವೆ.

ಹಿರಿಯರು: ಇನ್ನು ಮೇಲೆ ಅವನ್ನು ಬಿಟ್ಟುಬಿಡಿ, ತಾಯಿ, ಅವು ತಮ್ಮ ಮಿತ್ರರು. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗಳು ಹಾಗಿರುತ್ತವೆ. ತಿಗಣೆಯ ವೇಷದಲ್ಲಿದ್ದುಕೊಂಡು ತಿಗಣೆಯನ್ನೇ ತಿನ್ನುತ್ತವೆ. ಇದರ ಮೂಲನೆಲೆ ಆಸ್ಟ್ರೇಲಿಯ. ಕಾಫಿ ಗಿಡದ ಹಸುರು ಶಲ್ಕಕೀಟವನ್ನು ಹತೋಟಿಗೆ ತರುವ ಉದ್ದೇಶದಿಂದ 1898ರಲ್ಲಿ ಇದನ್ನು ಭಾರತಕ್ಕೆ ತಂದರು. ಬಂದ ಕೆಲಸಕ್ಕಿಂತ ಹಿಟ್ಟು ತಿಗಣೆಯನ್ನು ತಿನ್ನುವ ಕೆಲಸದಲ್ಲಿ ಇದು ಹೆಚ್ಚು ಪ್ರಸಿದ್ಧವಾಗಿ, ದಕ್ಷಿಣ ದೇಶದಲ್ಲಿ ನೆಲೆಯೂರಿತು. ಅಂಗಡಿಯ ವಿಷಕ್ಕೆ ಮಿತ್ರ ಶತ್ರುವೆಂಬ ವಿವೇಚನೆಯಿಲ್ಲ; ಮೇಣದ ಹೊದಿಕೆಯೊಳಗೆ ಅಡಗಿದ ತಿಗಣೆಗಳಲ್ಲಿ ಅನೇಕವು ಉಳಿದುಕೊಳ್ಳುತ್ತವೆ, ತೆರೆದ ಮೈಯಲ್ಲಿ ಸಂಚರಿಸುವ ಪ್ರೌಢ ಗುಲಗಂಜಿ ಹುಳುಗಳು ಮೊದಲು ಸಾಯುತ್ತವೆ. ವಿಷ ಹೊಡೆದ ಮೇಲೆ ತಿಗಣೆ ಮತ್ತೂ ಹೆಚ್ಚಿತೆಂದು ಜನ ದೂರುವುದಕ್ಕೆ ಇದೊಂದು ಕಾರಣ.

ಗೃಹಿಣಿ: ಹಾಗಾದರೆ ಏನನ್ನೂ ಮಾಡದೆ ಕೈಕಟ್ಟಿ ಕುಳಿತಿರಬೇಕೆ?

ಹಿರಿಯರು: ಹಾಗಲ್ಲ. ಹೆಚ್ಚು ಮುತ್ತಿಕೊಂಡ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ; ಉಳಿದವನ್ನು ರಭಸವಾದ ನೀರಿನಿಂದ ತೊಳೆಯಿರಿ; ಮಿತ್ರಕೀಟಗಳು ಕಾಣದಿದ್ದೆಡೆಯಲ್ಲಿ ಮಾತ್ರ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕಲಕಿ ಸಂಜೆಯ ಹೊತ್ತಿನಲ್ಲಿ ಹೊಡೆಯಿರಿ, ಏಕೆಂದರೆ ಬೇವಿನ ಸತ್ತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಪ್ರಕೃತಿಯಲ್ಲಿ ಒಂದು ಜೀವಿಯನ್ನು ಇನ್ನೊಂದು ಜೀವಿಯಿಂದ ಹತೋಟಿಗೆ ತರುವುದು ಬರಿಯ ಆಶಯವಲ್ಲವೆಂಬುದಕ್ಕೆ ನಮ್ಮ ಕಣ್ಣೆದುರಿನದೇ ಸಾಕ್ಷ್ಯವುಂಟು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಎಂಬ ಪರದೇಶದ ಕೀಟ ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು, ದಾಸವಾಳಗಳನ್ನು ಹಿಡಿದು ಅಲ್ಪಕಾಲದಲ್ಲಿಯೇ ಕರ್ನಾಟಕಕ್ಕೂ ಹರಡಿತು. ರೈತರು ಎಷ್ಟು ವಿಷ ಹೊಡೆದರೂ ಅದು ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ಪೋರ್ಟೊರಿಕೊ ದ್ವೀಪದಿಂದ ಅಸೆರೊಫೇಗಸ್ ಎಂಬ ಅತಿ ಸಣ್ಣ ಪರಾವಲಂಬಿ ಕಣಜವನ್ನು ತರಿಸಿ, ಬೆಳೆಸಿ, ತೋಟಗಳಲ್ಲಿ ಬಿಟ್ಟರು. ವಿಷಕ್ಕೆ ಬಗ್ಗದ ಪೀಡೆ ಆ ಕಣಜಕ್ಕೆ ಬಗ್ಗಿತು.

ಗೃಹಿಣಿ: ಮೆಣಸಿನ ಗಿಡದ ಮುರುಟು ರೋಗಕ್ಕೂ ಹೀಗೆಯೇ ಎರಡು ಮುಖಗಳುಂಟೋ?

ಹಿರಿಯರು: ಎರಡಲ್ಲ, ಮೂರು. ಎಲೆಯ ಅಂಚು ಮೇಲಕ್ಕೆ ಮಡಿಸಿ ದೋಣಿಯ ಆಕಾರ ತಾಳಿದ್ದರೆ ಅದು ಥ್ರಿಪ್ಸ್ ಎಂಬ ಸೂಕ್ಷ್ಮ ಕೀಟದ ಕೆಲಸ; ಬಿಳಿಯ ಕಾಗದದ ಮೇಲೆ ಚಿಗುರನ್ನು ಕೊಡವಿದರೆ ಚಿಕ್ಕ ಚಿಕ್ಕ ಗೆರೆಗಳು ಚಲಿಸುವುದು ಕಾಣುತ್ತದೆ. ಅಂಚು ಕೆಳಕ್ಕೆ ಮಡಿಸಿ, ತೊಟ್ಟು ಉದ್ದವಾಗಿದ್ದರೆ ಅದು ನುಸಿಯ ಉಪದ್ರವ. ಅದು ಬರಿಗಣ್ಣಿಗೆ ಕಾಣದು, ಭೂತಗನ್ನಡಿ ಬೇಕು. ನುಸಿಯು ಕೀಟವರ್ಗಕ್ಕೆ ಸೇರಿದ್ದಲ್ಲ, ಜೇಡನ ಬಳಗದ್ದು. ಆದಕಾರಣ ಕೀಟಕ್ಕೆಂದು ಮಾಡಿದ ಅನೇಕ ಮದ್ದುಗಳು ಅದಕ್ಕೆ ತಗಲುವುದೇ ಇಲ್ಲ. ಅದಕ್ಕೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಮಿನಂತೆ, ಬಿಸಿಲಿನ ತಾಪವಿಲ್ಲದ ಹೊತ್ತಿನಲ್ಲಿ ಸಿಂಪಡಿಸಬೇಕು. ಥ್ರಿಪ್ಸಿಗಾದರೆ, 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಸೋಸಿದ ಕಷಾಯ ಸಾಕಾಗುವುದುಂಟು. ಮೂರನೆಯದು, ಎಲೆಗಳು ಕಿರಿದಾಗಿ, ಹಳದಿಯಾಗಿ, ಗಿಡವೇ ಕುಬ್ಜವಾದರೆ, ಅದು ಬಿಳಿನೊಣ ತಂದ ನಂಜು ರೋಗವಾಗಿರಬಹುದು. ಅದಕ್ಕೆ ಜಗತ್ತಿನಲ್ಲಿ ಯಾರಲ್ಲಿಯೂ ಮದ್ದಿಲ್ಲ. ಗಿಡವನ್ನು ಕಿತ್ತು ನಾಶಮಾಡುವುದೊಂದೇ ದಾರಿ.

ಗೃಹಿಣಿ: ತಮ್ಮ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕಾಗಿದೆ. ತಾವು ನೋಡಿ, ವಿವೇಚಿಸಿ, ಆಮೇಲೆ ಮಾಡಿ ಎನ್ನುತ್ತೀರಿ. ಮನೆವಾರ್ತೆಯ ನೂರು ಕೆಲಸಗಳ ನಡುವೆ ಅಷ್ಟು ನೋಡುವುದಕ್ಕೆ ಬಿಡುವೆಲ್ಲಿ? ನೋಡುತ್ತ ನಿಂತಷ್ಟೂ ರೋಗ ಪಕ್ಕದ ಗಿಡಕ್ಕೆ ಹಬ್ಬುವುದಿಲ್ಲವೆ? ಮೊನ್ನೆ ಟೊಮೇಟೊ ಗಿಡಗಳು ಹಸುರಾಗಿದ್ದ ಹಾಗೆಯೇ ಒಂದರ ಹಿಂದೊಂದು ಸೊರಗಿ ಬಿದ್ದುವು. ಯೋಚಿಸುವುದಕ್ಕೂ ಅವು ಅವಕಾಶ ಕೊಡಲಿಲ್ಲ.

ಹಿರಿಯರು: ಈ ಆಕ್ಷೇಪ ನ್ಯಾಯವಾದುದು. ನಿಧಾನಿಸಬೇಕಾದ ರೋಗಗಳಿರುವಂತೆ ತ್ವರೆ ಮಾಡಬೇಕಾದ ರೋಗಗಳೂ ಇವೆ. ಯಾವುದು ಯಾವ ಜಾತಿಯದೆಂಬುದನ್ನು ತಿಳಿಯುವುದಕ್ಕೂ ನೋಟವೇ ಬೇಕು, ಆದರೆ ಅದಕ್ಕೆ ಬಹಳ ಹೊತ್ತು ಹಿಡಿಯುವುದಿಲ್ಲ. ಸೊರಗಿದ ಟೊಮೇಟೊ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿಯ ಎಳೆ ಕೆಳಗಿಳಿದರೆ ಅದು ದುಂಡಾಣುವಿನ ಸೊರಗು ರೋಗ. ಅಲ್ಲಿಗೆ ವಿಚಾರಣೆ ಮುಗಿಯಿತು. ಗಿಡವನ್ನು ಬೇರುಸಹಿತ ತೆಗೆದು ಸುಟ್ಟು, ಆ ಪಾತಿಯಲ್ಲಿ ಕೆಲವು ವರ್ಷಗಳ ಕಾಲ ಟೊಮೇಟೊ, ಬದನೆ, ಮೆಣಸು, ಆಲೂಗೆಡ್ಡೆಗಳನ್ನು ಬೆಳೆಯದಿರುವುದೇ ಚಿಕಿತ್ಸೆ, ಏಕೆಂದರೆ ಆ ದುಂಡಾಣು ಮಣ್ಣಿನಲ್ಲಿ ಉಳಿಯುತ್ತದೆ, ಆ ನಾಲ್ಕೂ ಒಂದೇ ಕುಟುಂಬದ ಗಿಡಗಳು. ಬಿಡುವಿನ ಮಾತು ಹೇಳಿದಿರಿ. ಹೂ ಕೊಯ್ಯುವಾಗ, ನೀರೆರೆಯುವಾಗ ಒಂದೆರಡು ಎಲೆಗಳನ್ನು ಮಗುಚಿ ನೋಡುವುದಕ್ಕೆ ಬೇರೆ ಬಿಡುವು ಬೇಕಾಗದು. ಬಹುಮಟ್ಟಿನ ಪೀಡೆಗಳ ವಾಸ ಎಲೆಯ ಕೆಳಭಾಗದಲ್ಲಿ. ನಮ್ಮ ಕಣ್ಣು ಬೀಳುವುದು ಮೇಲ್ಭಾಗದಲ್ಲಿ.

ಗೃಹಿಣಿ: ಗುಲಾಬಿಯ ಸಂಗತಿ ಉಳಿಯಿತು.

ಹಿರಿಯರು: ತುದಿಯಿಂದ ಒಣಗುತ್ತ ಕೆಳಗಿಳಿಯುವ ಆ ರೋಗಕ್ಕೆ ಕತ್ತರಿಯೇ ಮೊದಲ ಮದ್ದು. ಕಪ್ಪಾದ ಭಾಗದಿಂದ ಎರಡಂಗುಲ ಕೆಳಗೆ, ಒಳಗಣ ತಿರುಳು ಬೆಳ್ಳಗೆ ಆರೋಗ್ಯವಾಗಿರುವಲ್ಲಿ, ಓರೆಯಾಗಿ ಕತ್ತರಿಸಿ ಗಾಯಕ್ಕೆ ಬೋರ್ಡೊ ಮುಲಾಮನ್ನು ಹಚ್ಚಬೇಕು. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು, ಇದು ಅದರ ಪ್ರಮಾಣ. ನಮ್ಮ ಸೀಮೆಯಲ್ಲಿ ಮಳೆಗಾಲ ಹಿಂದಾದ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ವರ್ಷದ ಸವರುವಿಕೆಯನ್ನು ಮಾಡುವುದು ವಾಡಿಕೆ. ರೋಗ ಹಿಡಿದ ಭಾಗವನ್ನು ಮೊದಲು ಶಸ್ತ್ರದಿಂದ ಶೋಧಿಸಿ ಅನಂತರ ಲೇಪವನ್ನು ಹಚ್ಚಬೇಕೆಂಬ ಕ್ರಮವನ್ನು ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಭಾಗದಲ್ಲಿಯೇ ಹೇಳಿದೆ; ಅಲ್ಲಿ ಲೇಪ ವಾಯುವಿಳಂಗ, ತುಪ್ಪ, ಕೆಸರಿನದು. ನಮ್ಮ ಕನ್ನಡದಲ್ಲಿಯೂ ಸುಮಾರು 1025ರಷ್ಟು ಹಿಂದೆ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಗಿಡಕ್ಕೂ ರೋಗವುಂಟು, ರೋಗಕ್ಕೆ ಲಕ್ಷಣವುಂಟು, ಲಕ್ಷಣಕ್ಕನುಗುಣವಾಗಿ ಚಿಕಿತ್ಸೆಯುಂಟು ಎಂಬ ಭಾವನೆ ನಮಗೆ ಹೊಸದಲ್ಲ.

ಗೃಹಿಣಿ: ಬೋರ್ಡೊ ಎಂದಿರಿ. ನಮ್ಮ ತವರು ಮಲೆನಾಡು. ಅಡಕೆಯ ಗೊನೆಗಳಿಗೆ ಮಳೆಗಾಲದ ಮೊದಲಲ್ಲಿ ಅದನ್ನೇ ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಹಿರಿಯರು: ಅದರ ಕಥೆ ನಾನು ಇಷ್ಟು ಹೊತ್ತು ಹೇಳಿದುದಕ್ಕೆಲ್ಲ ಪ್ರಮಾಣದಂತಿದೆ. ಫ್ರಾನ್ಸ್ ದೇಶದ ಬೋರ್ಡೊ ಪ್ರಾಂತದಲ್ಲಿ ದ್ರಾಕ್ಷಿಯ ಎಲೆಗಳು ಒಂದು ಬಗೆಯ ಬೂಷ್ಟು ರೋಗದಿಂದ ಉದುರುತ್ತಿದ್ದ ಕಾಲದಲ್ಲಿ, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳ ಮಿಶ್ರಣವನ್ನು ಎರಚಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. ನೂರಾರು ಜನ ಆ ದಾರಿಯಲ್ಲಿ ನಡೆದಿದ್ದಾರು. ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ಕಂಡು, ಏಕೆ ಹೀಗೆ ಎಂದು ಕೇಳಿಕೊಂಡು, ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಲೋಕಕ್ಕೆ ತಿಳಿಸಿದನು. ಮುಂದೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಅದನ್ನು ಕುರಿತು 1910ರಲ್ಲಿ ಪ್ರಕಟಿಸಿ, ಅದೇ ದ್ರಾವಣವನ್ನು ಮಲೆನಾಡಿನ ಗೊನೆಗಳಿಗೆ ಏರಿಸಿದರು. ಮನೆಯಲ್ಲಿ ಸಿಂಪಡಿಸುವುದಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ಒಂದು ಲೀಟರ್ ನೀರು ಸಾಕು. ಎರಡನ್ನೂ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ಕಿನ ಅಥವಾ ಮಣ್ಣಿನ ಪಾತ್ರೆಯಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳಪುಳ್ಳ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಬಳಸಬೇಕು.

ಗೃಹಿಣಿ: ಕರಿಬೇವಿನ ಎಲೆಗಳನ್ನು ಹಸುರು ಹುಳುಗಳು ತಿನ್ನುತ್ತಿವೆ. ಅವಕ್ಕೆ ಏನು ಹೇಳುವಿರಿ?

ಹಿರಿಯರು: ಚಿಕ್ಕಂದಿನಲ್ಲಿ ಹಕ್ಕಿಯ ಹಿಕ್ಕೆಯ ಹಾಗೆ ಕಪ್ಪು ಬಿಳುಪಾಗಿದ್ದು, ಬೆಳೆದಂತೆ ಹಸುರಾಗುವ ಹುಳುಗಳಾದರೆ ಅವು ಚಿಟ್ಟೆಯ ಮರಿಗಳು, ನಿಂಬೆ, ಕರಿಬೇವು ಎರಡೂ ಅವಕ್ಕೆ ಆಹಾರ. ಗಿಡ ಮೊಳದುದ್ದದ ಸಸಿಯಾದರೆ ಕೈಯಿಂದ ಆರಿಸಿ ತೆಗೆಯಿರಿ, ಏಕೆಂದರೆ ಅದರ ಎಲೆಯೆಲ್ಲ ಹೋದೀತು. ಆಳೆತ್ತರದ ಮರವಾದರೆ ಸುಮ್ಮನೆ ಬಿಡಿ. ಅದು ಆ ನಷ್ಟವನ್ನು ತುಂಬಿಕೊಳ್ಳಬಲ್ಲುದು. ಸಾರಿಗೆ ಹಾಕುವ ಎಲೆಯ ಮೇಲೆ ವಿಷ ಹೊಡೆಯುವುದಂತೂ ಕೂಡದು. ಎಲ್ಲಿ ಕೈಹಾಕಬಾರದೆಂದು ಹೇಳುವುದೂ ಸಲಹೆಯೇ.

ಗೃಹಿಣಿ: ಇಲ್ಲಿಗೆ ಬಂದು ನೋಡುವ ತಮ್ಮಂಥವರು ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲ. ದೂರದ ತಜ್ಞರನ್ನು ಕೇಳುವವರು ಹೇಗೆ ಕೇಳಬೇಕು?

ಹಿರಿಯರು: ಜಿಲ್ಲೆಯ ತೋಟಗಾರಿಕೆಯ ಕಚೇರಿಯುಂಟು, ಕೃಷಿ ವಿಜ್ಞಾನ ಕೇಂದ್ರಗಳುಂಟು, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯುಂಟು. ಆದರೆ ಗಿಡ ಸಾಯುತ್ತಿದೆ, ಮದ್ದು ಹೇಳಿ ಎಂದಷ್ಟೇ ಕೇಳಿದವನಿಗೆ ಎಂಥ ಪಂಡಿತನೂ ಊಹೆಯನ್ನಲ್ಲದೆ ಬೇರೇನನ್ನೂ ಕೊಡಲಾರನು. ಪೂರ್ತಿ ಸತ್ತ ರೆಂಬೆಯನ್ನಲ್ಲ, ಆರೋಗ್ಯ ರೋಗಗಳೆರಡೂ ಕೂಡಿರುವ ರೆಂಬೆಯನ್ನು ಒಣ ಕಾಗದದಲ್ಲಿ ಸುತ್ತಿ ಒಯ್ಯಬೇಕು. ಒದ್ದೆಯಾಗಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತಲಪುವುದರೊಳಗೆ ಕೊಳೆತು, ಮೂಲರೋಗ ಯಾವುದೆಂದು ತಿಳಿಯದಾಗುತ್ತದೆ. ಯಾವಾಗ ಕಾಣಿಸಿತು, ಹಳೆಯ ಎಲೆಯಲ್ಲೋ ಹೊಸ ಎಲೆಯಲ್ಲೋ, ಒಂದೇ ಗಿಡಕ್ಕೋ ಸಾಲಿಗೆಲ್ಲವೋ, ನೀರು ಗೊಬ್ಬರ ಎಷ್ಟು, ಈಚೆಗೆ ಏನನ್ನು ಹೊಡೆದಿರಿ, ಇಷ್ಟನ್ನು ಹೇಳಬೇಕು. ರೋಗ ಈ ಸ್ಥಿತಿಗೆ ಬಂದ ಬಗೆಯನ್ನು ಬಲ್ಲವರು ಮನೆಯವರು, ಆ ಸ್ಥಿತಿಯ ಅರ್ಥವನ್ನು ಬಲ್ಲವನು ತಜ್ಞ. ಒಬ್ಬರ ಅರಿವು ಇನ್ನೊಬ್ಬರದನ್ನು ಸೇರಿದ ಹೊರತು ಸಲಹೆ ಪೂರ್ಣವಾಗದು. ಮದ್ದನ್ನು ಕೊಟ್ಟಮೇಲೆಯೂ ಒಂದು ನಿಯಮವಿದೆ: ಏಕಕಾಲದಲ್ಲಿ ಹಲವನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ, ಕೆಟ್ಟ ಎಲೆ ಮತ್ತೆ ನೆಟ್ಟಗಾಗುವುದು ಅಪೂರ್ವ, ಆದ್ದರಿಂದ ಗುಣವನ್ನು ಹೊಸದಾಗಿ ಬರುವ ಎಲೆಯಲ್ಲಿ ನೋಡಬೇಕು.

ಗೃಹಿಣಿ: ನಾನು ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯ ತಿಗಣೆ ಗೋಡೆ ದಾಟಿ ಬಂದರೆ?

ಹಿರಿಯರು: ಬಂದೇ ಬರುತ್ತದೆ, ಬಿಳಿನೊಣಕ್ಕೂ ತಿಗಣೆಗೂ ಕಾಂಪೌಂಡಿನ ಗೋಡೆಯೊಂದು ಗಡಿಯಲ್ಲ. ಆದುದರಿಂದಲೇ ಗಿಡದ ಆರೋಗ್ಯ ಒಂದು ಮನೆಯ ವಿಷಯವಲ್ಲ, ಬೀದಿಯ ವಿಷಯ. ನಮ್ಮಲ್ಲಿ ಹೂವಿನ ಕಡ್ಡಿಯನ್ನು, ಸಸಿಯನ್ನು ನೆರೆಯವರಿಗೆ ಪ್ರೀತಿಯಿಂದ ಹಂಚುವ ಸತ್ಸಂಪ್ರದಾಯವುಂಟಷ್ಟೆ. ಹಿಟ್ಟು ತಿಗಣೆಯಂಥ ಪೀಡೆಗಳು ಊರಿಂದೂರಿಗೆ ಹೋಗುವುದು ಬಹಳ ಮಟ್ಟಿಗೆ ಹೀಗೆ ಕೈಯಿಂದ ಕೈಗೆ ಸಾಗುವ ಗಿಡಗಳ ಮೇಲೆಯೇ. ತಾವು ದಾಸವಾಳದ ಕಡ್ಡಿಯನ್ನು ಯಾರಿಗೆ ಕೊಡುವಾಗಲೂ ಅದರ ಎಲೆಗಳನ್ನು ಮಗುಚಿ ನೋಡಿ ಕೊಡಿ, ಬಂದ ಸಸಿಯನ್ನು ಉಳಿದವುಗಳಿಂದ ಕೆಲವು ವಾರ ದೂರವಿಡಿ. ಪಡೆದುಕೊಂಡವರಿಗೆ ಆ ಗುಲಗಂಜಿ ಹುಳುವಿನ ಬಿಳಿಯ ಮರಿಯ ಗುರುತನ್ನೂ ಹೇಳಿಕೊಡಿ. ಅದನ್ನು ಅವರು ಮತ್ತೊಬ್ಬರಿಗೆ ಹೇಳಿಯಾರು. ಒಬ್ಬರ ಹಿತ್ತಲಿನಲ್ಲಿ ಆ ಹುಳು ಉಳಿದರೆ ಅದು ಹತ್ತು ಹಿತ್ತಲಿಗೆ ಕೆಲಸ ಮಾಡುತ್ತದೆ.